ಕಾರು ಮಗನದು, ಸ್ಟೀರಿಂಗ್ ಅಪ್ಪನದು

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ನಮ್ಮ ಕೂಟದ ಅರ್ಧ ಜನ ಡಿಸೆಂಬರ್ ರಜೆಗೆ ಬೆಂಗಳೂರಿನ ಟಿಕೆಟ್ ತೆಗೆದಿರುತ್ತೀರಿ. ಅಲ್ಲಿ ಇಳಿದ ಮೇಲೆ ಒಂದು ಫೈಲ್ ತೆರೆದು ನೋಡಿ ಎಂದು ಕೇಳಿಕೊಳ್ಳಲು ಈ ಸಲದ ಅಂಕಣ. ಜಯನಗರದಲ್ಲೋ ವಿಜಯನಗರದಲ್ಲೋ ನಿಮ್ಮ ಮನೆ ಮುಂದೆ ನಿಂತಿರುವ ಕಾರಿನ ಇನ್ಶೂರೆನ್ಸ್ ಫೈಲ್ ಅದು.

ಎಷ್ಟೋ ಮನೆಗಳಲ್ಲಿ ಕಥೆ ಒಂದೇ. ಕಾರಿಗೆ ದುಡ್ಡು ಕೊಟ್ಟವರು ಮಗ ಅಥವಾ ಮಗಳು. ಆರ್‌ಸಿ ಅವರ ಹೆಸರಲ್ಲಿ, ಪಾಲಿಸಿಯೂ ಅವರ ಹೆಸರಲ್ಲಿ. ಅವರು ಇರುವುದು ಇಲ್ಲಿ, ನ್ಯೂಜೆರ್ಸಿಯಲ್ಲಿ. ವರ್ಷವಿಡೀ ಕಾರು ಓಡಿಸುವವರು ಅಪ್ಪ. ಪಾಲಿಸಿ ಪ್ರತಿ ವರ್ಷ ತಪ್ಪದೆ ರಿನ್ಯೂ ಆಗುತ್ತದೆ, ಎಲ್ಲ ಸರಿಯಾಗಿದೆ ಅಂತ ನಾವೂ ಸುಮ್ನೆ ಇರುತ್ತೇವೆ.

ಹಾಗೆ ಅನ್ನಿಸುವುದಕ್ಕೆ ಇಲ್ಲಿಯ ಅಭ್ಯಾಸವೂ ಕಾರಣ. ನ್ಯೂಜೆರ್ಸಿಯ ಕಾರು ಪಾಲಿಸಿಯಲ್ಲಿ ಪಿಐಪಿ, ಅಂದರೆ ಪರ್ಸನಲ್ ಇಂಜುರಿ ಪ್ರೊಟೆಕ್ಷನ್, ಇರುತ್ತದೆ. ತಪ್ಪು ಯಾರದೇ ಇರಲಿ, ನಮ್ಮ ಆಸ್ಪತ್ರೆ ಖರ್ಚನ್ನು ನಮ್ಮ ಪಾಲಿಸಿಯೇ ನೋಡಿಕೊಳ್ಳುತ್ತದೆ. ಮಿತಿ ನಾವು ಆರಿಸಿದಷ್ಟು, 15,000 ಡಾಲರಿನಿಂದ 2,50,000ದವರೆಗೆ. ಜೊತೆಯಲ್ಲಿ ವಾಸಿಸುವ ಕುಟುಂಬದವರಿಗೂ ಅದು ಸಲ್ಲುತ್ತದೆ.

ಬೆಂಗಳೂರಿನ ಪಾಲಿಸಿ ಹಾಗಲ್ಲ. ಅಲ್ಲಿ ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆ ನಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ. ಓಡಿಸುವವರಿಗೆ ಅಂತ ಇರುವುದು 15 ಲಕ್ಷ ರೂಪಾಯಿಯ ಪಿಎ, ಅಂದರೆ ಪರ್ಸನಲ್ ಆಕ್ಸಿಡೆಂಟ್, ಕವರ್. ಅದರ ಪೂರ್ತಿ ಹೆಸರಲ್ಲೇ ‘ಓನರ್-ಡ್ರೈವರ್’ ಎಂದಿದೆ. ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ ಮಾತ್ರ ಅದು, ಅದೂ ಅವರ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ. ಅಪ್ಪ ಓಡಿಸುವಾಗ ಏನಾದರೂ ಆದರೆ ಆ 15 ಲಕ್ಷದಲ್ಲಿ ಅವರಿಗೆ ಒಂದು ಪೈಸೆಯೂ ಇಲ್ಲ. ಕಾರಿನ ಹತ್ತಿರವೂ ಸುಳಿಯದ ನಿಮ್ಮ ಹೆಸರಿಗೆ ಪ್ರತಿ ವರ್ಷ ಪ್ರೀಮಿಯಂ ಹೋಗುತ್ತಿದೆ, ಅಷ್ಟೇ! ಇನ್ನೊಂದು ಮಾತು. ಈ ಕವರ್ ಇರುವುದು ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ. ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡರೆ ಮಾಲೀಕರಿಗೂ ಬಿಲ್ ಕಟ್ಟುವುದಿಲ್ಲ. ಅದಕ್ಕೆ ಆರೋಗ್ಯ ವಿಮೆಯೇ ಬೇಕು.

ಹಾಗಾದರೆ ಅಪ್ಪ ಥರ್ಡ್ ಪಾರ್ಟಿ ಆಗುವುದಿಲ್ಲವೇ? ಇದೇ ಪ್ರಶ್ನೆ ನಮ್ಮ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಬೇರೆಯವರ ಬೈಕ್ ಪಡೆದು ಇಳಕಲ್-ಕುಷ್ಟಗಿ ಹೆದ್ದಾರಿಯಲ್ಲಿ ಹೊರಟಿದ್ದ ಒಬ್ಬರು ಎತ್ತಿನ ಗಾಡಿಗೆ ಗುದ್ದಿ ತೀರಿಕೊಂಡಿದ್ದರು. ವಾಹನ ಎರವಲು ಪಡೆದು ಓಡಿಸುವವರು ಮಾಲೀಕರ ಜಾಗದಲ್ಲೇ ನಿಂತಂತೆ, ಹಾಗಾಗಿ ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುತ್ತಿದ್ದ ಅಂದಿನ 163ಎ ಕಲಮಿನಡಿ ಅದೇ ವಾಹನದ ವಿಮೆಯಿಂದ ಕೇಳಲು ಬರುವುದಿಲ್ಲ ಎಂದು 2009ರಲ್ಲಿ ಕೋರ್ಟ್ ಹೇಳಿತು. ಓದಿದರೆ ಬೇಜಾರಾಗುತ್ತದೆ, ಆದರೆ ತೀರ್ಪು ಹಾಗಿದೆ. ಬೇರೆ ವಾಹನದ ತಪ್ಪಿದ್ದರೆ ಮಾತ್ರ ಆ ವಾಹನದ ವಿಮೆಯ ಮೇಲೆ ಅಪಘಾತ ಪರಿಹಾರದ ಟ್ರಿಬ್ಯೂನಲ್‌ಗೆ ಹೋಗಬಹುದು. ಅದಕ್ಕೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ನೀವು ಇಲ್ಲಿಂದ ರಜೆ ಹೊಂದಿಸಿಕೊಂಡು ಹೋಗುವಷ್ಟರಲ್ಲಿ ಅರ್ಧ ಅವಧಿ ಕಳೆದಿರುತ್ತದೆ.

ಪಿಐಪಿಗೆ ಹತ್ತಿರದ್ದು ಅಲ್ಲಿ ಒಂದಿದೆ, ಹೊಸದು. 2025ರಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದಿಲ್ಲದೆ ಚಿಕಿತ್ಸೆ. ಮನೆಯವರಿಗೆ ಹೇಳಿಡಿ.

ಏನು ಮಾಡಬಹುದು? ನನ್ನ ಪ್ರಕಾರ ಮೊದಲ ಕೆಲಸ ಅಪ್ಪನ ಹೆಸರಲ್ಲೇ ಒಂದು ಬಿಡಿ ಅಪಘಾತ ವಿಮೆ. ‘ಸರಳ ಸುರಕ್ಷಾ ಬಿಮಾ’ ಅನ್ನುವ ಒಂದೇ ನಮೂನೆಯ ಪಾಲಿಸಿ 2021ರಿಂದ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಸಿಗುತ್ತದೆ. ಮೊತ್ತ 2.5 ಲಕ್ಷದಿಂದ 1 ಕೋಟಿವರೆಗೆ, ಸೇರುವ ವಯಸ್ಸು 70ರವರೆಗೆ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ 2 ಲಕ್ಷ ಇದೆ, ಅದಕ್ಕೂ 70 ಗಡಿ. ಅಪ್ಪನಿಗೆ 69 ಆಗಿದ್ದರೆ ಮುಂದಿನ ವರ್ಷ ನೋಡೋಣ ಅನ್ನಬೇಡಿ.

ಕಾರನ್ನೇ ಅವರ ಹೆಸರಿಗೆ ಮಾಡುವುದು ಇನ್ನೊಂದು ದಾರಿ. ಆರ್‌ಟಿಒ ಓಡಾಟ ಇದ್ದೇ ಇದೆ, ಆದರೆ ನೀವು ಊರಲ್ಲಿರುವಾಗ ಸಹಿಯ ತೊಂದರೆ ಇರುವುದಿಲ್ಲ. ಹೆಸರು ಬದಲಾದ 14 ದಿನದೊಳಗೆ ವಿಮಾ ಕಂಪನಿಗೂ ತಿಳಿಸಬೇಕು. ಆಮೇಲೆ ಪಿಎ ಕವರ್ ಅಪ್ಪನ ಹೆಸರಿಗೆ ಬಂತೇ ಎಂದು ಪಾಲಿಸಿ ಕಾಗದದಲ್ಲೇ ನೋಡಿ. ಏಜೆಂಟ್ ಬಾಯಲ್ಲಿ ಹೇಳಿದ್ದು ಸಾಲದು.

ಹಾಗೆಯೇ ಅವರ ಲೈಸೆನ್ಸಿನ ಕೊನೆ ದಿನಾಂಕ ಕೇಳಿ. 55 ದಾಟಿದವರಿಗೆ ಅದು ಐದೈದು ವರ್ಷಕ್ಕೆ ಮಾತ್ರ, ಜೊತೆಗೆ ವೈದ್ಯರ ಸರ್ಟಿಫಿಕೇಟ್ ಬೇಕು. “ನಲವತ್ತು ವರ್ಷದಿಂದ ಓಡಿಸ್ತಿದೀನಿ, ನಂಗೆ ಹೇಳ್ಕೊಡ್ತೀಯೇನೋ” ಅನ್ನಬಹುದು. ಅನ್ನಲಿ, ನೀವು ದಿನಾಂಕ ನೋಡಿಕೊಳ್ಳಿ. ಕ್ಲೇಮ್ ತಿರಸ್ಕಾರವಾಗಿ ಕಂಪನಿಗೆ ಬರೆದ ದೂರಿಗೂ ಸರಿಯಾದ ಉತ್ತರ ಬರದಿದ್ದರೆ ಜೆ.ಪಿ. ನಗರದ ಜೀವನ್ ಸೌಧದಲ್ಲಿ ವಿಮೆಯ ದೂರು ಕೇಳುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಕಂಪನಿ ಇಲ್ಲ ಎಂದ ಒಂದು ವರ್ಷದೊಳಗೆ ದೂರು ಕೊಡಬೇಕು.