ಆ ಒಂಟೆ ಮಾತನಾಡಬೇಕಿತ್ತು

ಗೆಳೆಯ,

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವನ ಸಿಟ್ಟು ಸಿನಿಮಾದ ಮೇಲೆ ತಿರುಗಿದೆ ಎಂದುಕೊಂಡು ನಿನ್ನ ಪತ್ರ ಓದಿ ನಕ್ಕೆ. ಎರಡನೆಯ ಸಲ ಓದಿದಾಗ ನನಗೂ ಸ್ವಲ್ಪ ಸಿಟ್ಟು ಬಂತು. ‘ಹಾಸ್ಟೆಲ್ಲಿನ ಕಾಲದಿಂದ ಎಲ್ವಿಸ್ ಎಲ್ವಿಸ್ ಎಂದು ನನ್ನ ತಲೆ ತಿಂದೆಯಲ್ಲ, ನಿನ್ನ ದೇವರು ಮಾಡಿದ ಸಿನಿಮಾ ಇದೇನಾ?’ ಎಂದು ಕೇಳಿದ್ದೀಯ. ನೀನು ನೋಡಿದ್ದು 1965ರ ‘ಹ್ಯಾರಮ್ ಸ್ಕ್ಯಾರಮ್’. ಅಲ್ಲ ಮಾರಾಯ, ಎಲ್ವಿಸ್ ಪ್ರೀಸ್ಲಿಯಂಥ ಅಮೆರಿಕದ ರಾಕ್ ಅಂಡ್ ರೋಲ್ ಗಾಯಕನನ್ನು, 31 ಕಥಾಚಿತ್ರಗಳಲ್ಲಿ ನಟಿಸಿದವನನ್ನು ಅಳೆಯಲು ನಿನಗೆ ಅದೇ ಸಿಗಬೇಕಿತ್ತೇ? ಪಾತ್ರೆಯ ತಳ ಕೆರೆದು, ಸೀದದ್ದನ್ನು ಬಾಯಿಗೆ ಹಾಕಿಕೊಂಡು, ಅಡುಗೆಯವನನ್ನು ಬೈದ ಹಾಗಾಯಿತು.

ಆ ಚಿತ್ರದ ಮಟ್ಟಿಗೆ ನಿನ್ನೊಡನೆ ನನಗೆ ಜಗಳವಿಲ್ಲ. ಮರಳುಗಾಡಿನ ದೇಶವೆಂದು ಹೇಳಿ ಹಾಲಿವುಡ್ಡಿನ ಸೆಟ್ಟು, ತಲೆಗೆ ಮುಂಡಾಸು, ಸೊಂಟಕ್ಕೆ ಬಾಕು, ಉಸಿರು ತೆಗೆದರೆ ಹಾಡು. ಚಿತ್ರೀಕರಣಕ್ಕೆ ಮೂರು ವಾರವೂ ಹಿಡಿಯಲಿಲ್ಲ. ಎಲ್ವಿಸನ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಅದನ್ನು ನೋಡಿ ಕೊಟ್ಟ ಸಲಹೆ ಗೊತ್ತೇ? ಕಥೆ ಹೇಳಲು ಮಾತನಾಡುವ ಒಂಟೆಯೊಂದನ್ನು ಸೇರಿಸಿಬಿಡೋಣ ಎಂದ. ಎಲ್ಲವನ್ನೂ ಬೇಕೆಂದೇ ತಮಾಷೆಗೆ ಮಾಡಿದ್ದೆಂದು ಜನ ತಿಳಿಯಲಿ ಎಂಬ ಲೆಕ್ಕಾಚಾರ! ಸ್ಟುಡಿಯೋದವರು ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೇನೋ ಆ ಒಂಟೆ ಇರಬೇಕಿತ್ತು ಎನಿಸುತ್ತದೆ. ಇಡೀ ಚಿತ್ರದಲ್ಲಿ ವಿವೇಕದ ಮಾತಾಡುವ ಪ್ರಾಣಿ ಅದೊಂದಾದರೂ ಇರುತ್ತಿತ್ತು.

ಆದರೆ ಪತ್ರದ ಕೊನೆಯಲ್ಲಿ ‘ಹಗುರ ಸಿನಿಮಾ ಎಂದರೆ ಇಷ್ಟೇ’ ಎಂದು ಷರಾ ಬರೆದಿದ್ದೀಯಲ್ಲ, ಅದನ್ನು ಒಪ್ಪಲಾರೆ. ಆ ಚಿತ್ರ ಕೆಟ್ಟದ್ದು ಅವಸರದಿಂದ, ಜಿಪುಣತನದಿಂದ. ಹಗುರಾದದ್ದರಿಂದ ಕೆಟ್ಟಿತು ಎನ್ನಬೇಡ. ನನ್ನ ಹತ್ತಿರ ಸಾಕ್ಷಿಯಿದೆ. 1964ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಅವನ ಎರಡು ಚಿತ್ರಗಳು ತೆರೆಗೆ ಬಂದವು.

ಒಂದು ‘ವಿವಾ ಲಾಸ್ ವೇಗಸ್’. ಕಥೆ ಹೇಳುತ್ತೇನೆ, ನಗಬೇಡ. ಕಾರ್ ರೇಸಿಗೆ ಇಳಿಯಬೇಕೆಂದಿರುವ ಲಕಿ ಎಂಬ ಹುಡುಗ. ಎಂಜಿನ್ ಕೊಳ್ಳಲು ಇಟ್ಟುಕೊಂಡಿದ್ದ ಹಣ ಈಜುಕೊಳದ ನೀರು ಹೋಗುವ ಕಿಂಡಿಯಲ್ಲಿ ಮಾಯವಾಗುತ್ತದೆ. ಹೋಟೆಲಿನ ಬಾಕಿ ತೀರಿಸಲು ಅಲ್ಲೇ ಮಾಣಿಯಾಗುತ್ತಾನೆ. ಅದೇ ಹೋಟೆಲಿನಲ್ಲಿ ಈಜು ಕಲಿಸುವ ಹುಡುಗಿಯಾಗಿ ನಟಿ ಆನ್ ಮಾರ್ಗ್ರೆಟ್. ಮುಗಿಯಿತು, ಇಷ್ಟೇ ಕಥೆ. ಅಂಗೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸೋರಿಹೋಗುತ್ತದೆ. ಆದರೆ ನಿರ್ದೇಶಕ ಜಾರ್ಜ್ ಸಿಡ್ನಿ ಎಂಜಿಎಂ ಸಂಸ್ಥೆಯ ಸಂಗೀತ ಚಿತ್ರಗಳಲ್ಲಿ ಪಳಗಿದ ಮನುಷ್ಯ. ಕ್ಯಾಮೆರಾ ಎಲ್ಲಿಡಬೇಕು, ಯಾವಾಗ ಸುಮ್ಮನೆ ನೋಡುತ್ತ ನಿಲ್ಲಬೇಕು ಎಂಬುದು ಅವನಿಗೆ ಗೊತ್ತಿತ್ತು. ‘ಕಮಾನ್ ಎವರಿಬಡಿ’ ಎಂಬ ಹಾಡು ಬರುತ್ತದೆ, ಕಾಲೇಜಿನ ವ್ಯಾಯಾಮಶಾಲೆಯಲ್ಲಿ. ಬೇರೆ ಚಿತ್ರಗಳ ನಾಯಕಿಯರು ಎಲ್ವಿಸ್ ಹಾಡುವಾಗ ಪಕ್ಕದಲ್ಲಿ ಕುಳಿತು ಕಣ್ಣರಳಿಸಿ ತಲೆದೂಗುವವರು. ಈಕೆ ಹಾಗಲ್ಲ. ಅವನ ಒಂದು ಹೆಜ್ಜೆಗೆ ಎರಡು ಹೆಜ್ಜೆ ಹಾಕಿ ‘ಈಗೇನು ಮಾಡುತ್ತೀಯ?’ ಎನ್ನುವಂತೆ ನೋಡುತ್ತಾಳೆ. ಎದುರಿಗೆ ಸಮಬಲದ ಜೋಡಿ ಸಿಕ್ಕಿದ ಕೂಡಲೇ ಅವನ ಮುಖದಲ್ಲಿ ಆಗುವ ಬದಲಾವಣೆ ಗಮನಿಸು. ಅದು ನಟನೆಯೋ ನಿಜವೋ ನನಗೆ ಇಂದಿಗೂ ಬಗೆಹರಿದಿಲ್ಲ. ಮುಂದೆ ಅವನು ವೇದಿಕೆಯ ಮೇಲೆ ಶೀರ್ಷಿಕೆ ಗೀತೆ ಹಾಡುವುದನ್ನು ಎಲ್ಲಿಯೂ ಕತ್ತರಿಸದೆ, ಒಂದೇ ಕ್ಯಾಮೆರಾದಲ್ಲಿ ತೆಗೆದಿದ್ದಾರೆ. ಹಾಡುವವನು ಅವನಾಗಿದ್ದರೆ ಬೇರೆ ಏನು ಬೇಕು?

ಇನ್ನೊಂದು ‘ಕಿಸಿನ್ ಕಸಿನ್ಸ್’. ವೇಗಸ್ಸಿನ ಚಿತ್ರಕ್ಕೆ ಖರ್ಚು ಮಿತಿ ಮೀರಿತೆಂದು ಪಾರ್ಕರನಿಗೆ ಹೊಟ್ಟೆ ಉರಿದಿತ್ತು; ಲಾಭದಲ್ಲಿ ಪಾಲು ಇದ್ದವರಲ್ಲವೇ! ಆದ್ದರಿಂದ ಅಗ್ಗವಾಗಿ, ಬೇಗ ಬೇಗ ಚಿತ್ರ ಮುಗಿಸುವುದರಲ್ಲಿ ಹೆಸರಾದ ಸ್ಯಾಮ್ ಕಾಟ್ಜ್‌ಮನ್ ಎಂಬ ನಿರ್ಮಾಪಕನನ್ನು ಹಿಡಿದ. ವೇಗಸ್ಸಿನ ಚಿತ್ರೀಕರಣ ಮುಗಿದ ಮೇಲೆ ಶುರುವಾದ ಇದು ಅದಕ್ಕಿಂತ ಮೊದಲೇ ಬಿಡುಗಡೆಯಾಯಿತೆಂದರೆ ವೇಗವನ್ನು ನೀನೇ ಊಹಿಸು. ಎಲ್ವಿಸನದು ದ್ವಿಪಾತ್ರ: ಕಪ್ಪು ಕೂದಲಿನ ವಾಯುಪಡೆ ಅಧಿಕಾರಿ, ಹೊಂಬಣ್ಣದ ಕೂದಲಿನ ಗುಡ್ಡಗಾಡಿನ ದಾಯಾದಿ. ದ್ವಿಪಾತ್ರವೆಂದರೆ ನಮ್ಮ ಕಡೆಯವರಿಗೆ ಹೊಸತೇನಲ್ಲ, ಆದರೆ ನಮ್ಮವರು ಕೂಡ ವಿಗ್ಗನ್ನು ಇದಕ್ಕಿಂತ ಶ್ರದ್ಧೆಯಿಂದ ಕೂರಿಸುತ್ತಿದ್ದರು. ಕೆಡಿಸುವುದು ಅವಸರವೇ ಎಂದು ನಂಬದಿದ್ದರೆ ಈ ಎರಡು ಚಿತ್ರಗಳನ್ನೂ ಒಂದೇ ರಾತ್ರಿ ನೋಡು. ಹಾಂ, ನೀನು ನೋಡಿದ ಮುಂಡಾಸಿನ ಚಿತ್ರದ ನಿರ್ಮಾಪಕನೂ ಇದೇ ಕಾಟ್ಜ್‌ಮನ್.

ಇದಕ್ಕೆಲ್ಲ ಬೀಜ ಬಿದ್ದದ್ದು 1961ರಲ್ಲಿ. ಸೇನೆಗೆ ಹೋಗುವ ಮುಂಚೆ, 1958ರ ‘ಕಿಂಗ್ ಕ್ರಿಯೋಲ್’ನಲ್ಲಿ ಮೈಕೆಲ್ ಕರ್ಟಿಜ್‌ನಂಥ ನಿರ್ದೇಶಕನ ಕೈಯಲ್ಲಿ ಎಲ್ವಿಸ್ ನಿಜಕ್ಕೂ ನಟಿಸಿದ್ದ. ಆ ಚಿತ್ರ ಮುಗಿಸಲಿಕ್ಕೆಂದೇ ಸೇನೆಗೆ ಸೇರುವ ದಿನವನ್ನು ಮುಂದೂಡಿಸಿಕೊಂಡಿದ್ದ. 1960ರಲ್ಲಿ ಮರಳಿದವನು ಹಾಡು ಕಡಿಮೆಯಿರುವ, ಗಂಭೀರವಾದ ಎರಡು ಚಿತ್ರ ಮಾಡಿದ. ಗಲ್ಲಾಪೆಟ್ಟಿಗೆ ಅಷ್ಟಾಗಿ ತುಂಬಲಿಲ್ಲ. ಆಗ ಬಂತು ‘ಬ್ಲೂ ಹವಾಯಿ’. ಸಮುದ್ರ, ಹೂಮಾಲೆ, ಹಾಡಿನ ಮೇಲೆ ಹಾಡು. ಅದರ ಧ್ವನಿಮುದ್ರಿಕೆ ಅಮೆರಿಕದಲ್ಲಿ 20 ವಾರ ಮೊದಲ ಸ್ಥಾನದಲ್ಲಿ ಕುಳಿತಿತ್ತು. ಸಿನಿಮಾ ರೆಕಾರ್ಡನ್ನು ಮಾರುತ್ತದೆ, ರೆಕಾರ್ಡು ಸಿನಿಮಾವನ್ನು ಮಾರುತ್ತದೆ. ಇಂಥ ಗಾಣ ಸಿಕ್ಕಿದ ಮೇಲೆ ಎತ್ತನ್ನು ಬಿಚ್ಚುವವರು ಯಾರು? (ಅದರಲ್ಲಿ ಅವನ ತಾಯಿಯ ಪಾತ್ರ ಮಾಡಿದ ಆಂಜೆಲಾ ಲ್ಯಾನ್ಸ್‌ಬರಿ ಅವನಿಗಿಂತ ಒಂಬತ್ತೇ ವರ್ಷ ದೊಡ್ಡವರು. ಈ ರೋಗ ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ.) ಆದರೂ ‘ಬ್ಲೂ ಹವಾಯಿ’ ನನಗೆ ಇಷ್ಟ. ‘ಕಾಂಟ್ ಹೆಲ್ಪ್ ಫಾಲಿಂಗ್ ಇನ್ ಲವ್’ ಅದರಲ್ಲಿ ಬರುವುದು ಹುಟ್ಟುಹಬ್ಬಕ್ಕೆ ಅಜ್ಜಿಗೆ ಕೊಟ್ಟ ಸಂಗೀತಪೆಟ್ಟಿಗೆಯ ನಾದಕ್ಕೆ. ಯಾವ ಆಡಂಬರವೂ ಇಲ್ಲ.

ನನಗೆ ನಗು ಬಾರದ ಜಾಗ ಒಂದೇ. 1967ರ ‘ಈಸಿ ಕಮ್, ಈಸಿ ಗೋ’ ಚಿತ್ರದಲ್ಲಿ ಯೋಗದ ತರಗತಿಯೊಂದಿದೆ. ಕೈಕಾಲು ಗಂಟು ಹಾಕಿಕೊಂಡು, ಯೋಗವನ್ನೇ ಗೇಲಿ ಮಾಡುವ ಹಾಡನ್ನು ಎಲ್ವಿಸ್ ಹಾಡಬೇಕು. ಅದೇ ವರ್ಷಗಳಲ್ಲಿ ಈ ಮನುಷ್ಯ ಪರಮಹಂಸ ಯೋಗಾನಂದರ ಆತ್ಮಕಥೆ ಓದುತ್ತಿದ್ದ. ಅವರು ಸ್ಥಾಪಿಸಿದ್ದ ಕ್ಯಾಲಿಫೋರ್ನಿಯಾದ ಆಶ್ರಮಕ್ಕೆ ಹೋಗಿ ಆಗಿನ ಮುಖ್ಯಸ್ಥೆ ದಯಾಮಾತಾ ಅವರನ್ನು ಕಾಣುತ್ತಿದ್ದ. ಆ ಹಾಡು ಬಂದಾಗ ನಾನು ಎದ್ದು ಹೋಗಿ ಕಾಫಿ ಬೆರೆಸಿಕೊಂಡು ಬರುತ್ತೇನೆ.

ನಿನಗೆ ನನ್ನ ಶಿಕ್ಷೆ ಇದು: ಪ್ಲಾಸ್ಟರ್ ಬಿಚ್ಚುವ ಮೊದಲೇ ‘ವಿವಾ ಲಾಸ್ ವೇಗಸ್’ ನೋಡಬೇಕು. ಆ ಕಾಲಿನಲ್ಲಿ ತಾಳ ಹಾಕುವ ಹಾಗಿಲ್ಲವಲ್ಲ, ಒದ್ದಾಡು. ಮುಂದಿನ ಭಾನುವಾರ ನಾನೇ ಬರುತ್ತೇನೆ, ಕೋಡುಬಳೆ ತರುತ್ತೇನೆ.

ನಿನ್ನವ

ತಾ.ಕ.: ಕಾಲಿನ ಮಾತು ಬಂತೆಂದು ನೆನಪಾಯಿತು. 1963ರ ‘ಇಟ್ ಹ್ಯಾಪನ್ಡ್ ಅಟ್ ದ ವರ್ಲ್ಡ್ಸ್ ಫೇರ್’ನಲ್ಲಿ ಎಲ್ವಿಸ್ ಒಬ್ಬ ಹುಡುಗನಿಗೆ ದುಡ್ಡು ಕೊಟ್ಟು ತನ್ನ ಮೊಣಕಾಲ ಕೆಳಗೆ ಒದೆಸಿಕೊಳ್ಳುತ್ತಾನೆ, ನರ್ಸ್ ಹುಡುಗಿಯನ್ನು ಮಾತನಾಡಿಸಲು ಒಂದು ನೆಪಕ್ಕೆ. ಒದ್ದ ಹುಡುಗ ಕರ್ಟ್ ರಸೆಲ್. ಎಲ್ವಿಸ್ ತೀರಿಕೊಂಡ ಮೇಲೆ, 1979ರಲ್ಲಿ, ಟಿವಿಗಾಗಿ ಅವನ ಜೀವನದ ಚಿತ್ರ ತೆಗೆದಾಗ ಎಲ್ವಿಸನ ಪಾತ್ರ ಮಾಡಿದ್ದೂ ಅವನೇ.