ಮಗಳಿಗೊಂದು ಪತ್ರ: ಗೊಣ್ಣೆಹುಳ, ಗುಲಗಂಜಿ ಹುಳ

ಮುಧೋಳ

ನನ್ನವ್ವಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವಸರದಲ್ಲಿ ಏನೋ ಹೇಳಿ ಇಟ್ಟುಬಿಟ್ಟೆ. ಗೊಣ್ಣೆಹುಳ, ಗುಲಗಂಜಿ ಹುಳ ಎರಡೂ ಒಂದೇ ಬಳಗ ಹೇಗೆ ಅಂತ ಅಲ್ವಾ? ಎರಡೂ ದುಂಬಿಗಳೇ. ಮೇಲೆ ಗಟ್ಟಿ ಚಿಪ್ಪು, ಹಾರುವ ರೆಕ್ಕೆ ಅದರಡಿ ಮಡಚಿಕೊಂಡಿರುತ್ತದೆ. ಅಲ್ಲಿಗೆ ಹೋಲಿಕೆ ಮುಗೀತು.

ನಿನ್ನೆ ರೋಹಿಣಿ ಮಳೆ ಚಲೋ ಆಯಿತು. ಕತ್ತಲಾಗುತ್ತಿದ್ದಂತೆ ಬಾವಿ ಹತ್ತಿರದ ಬೇವಿನ ಗಿಡಕ್ಕೆ ಗೊಣ್ಣೆಹುಳದ ದುಂಬಿ ಮುತ್ತಿದವು. ಹುಣಸೆ ಬೀಜದ ಬಣ್ಣ, ಗಾತ್ರ ಅದಕ್ಕಿಂತ ತುಸು ದೊಡ್ಡದು. ಕೆಳಗೆ ತಾಡಪತ್ರಿ ಹಾಸಿ, ದೋಟಿಯಿಂದ ಕೊಂಬೆ ಅಲ್ಲಾಡಿಸಿದೆ. ಆಲಿಕಲ್ಲು ಬಿದ್ದಂತೆ ಟಪಟಪ ಉದುರಿದವು. ನಿಮ್ಮವ್ವ ಬಳಿದು ಚಿಮಣಿ ಎಣ್ಣೆ ಬೆರೆಸಿದ ನೀರಿಗೆ ಹಾಕಿದಳು. ಬಿಟ್ಟರೆ ಬೆಳಗಾಗುವುದರೊಳಗೆ ಮಣ್ಣಿಗಿಳಿದು ಮೊಟ್ಟೆ ಇಡುತ್ತವೆ. ಮರಿ ಬೆಳ್ಳಗೆ, ಕಂದು ತಲೆ, ಮುದುಡಿಕೊಂಡೇ ಇರುತ್ತದೆ. ತಿಂಗಳುಗಟ್ಟಲೆ ಬೇರು ತಿನ್ನುತ್ತದೆ. ಅಂಥ ಕಬ್ಬು ಹಿಡಿದು ಎಳೆದರೆ ಗಡ್ಡೆ ಸಮೇತ ಕೈಗೇ ಬರುತ್ತದೆ, ನೀನೂ ನೋಡಿದ್ದೀಯಲ್ಲ.

ಕೆಂಪು ಮೈ, ಕರಿ ಚುಕ್ಕೆಯ ಗುಲಗಂಜಿ ಹುಳ ಹಗಲಿನದು. ಗಿಡದ ರಸ ಹೀರುವ ಸಸ್ಯಹೇನು ತಿಂದು ಬದುಕುತ್ತದೆ. ಮುಟ್ಟಿದರೆ ಸತ್ತಂತೆ ನಟಿಸಿ, ಕಾಲಿನ ಗಂಟಿನಿಂದ ಹಳದಿ ರಸ ಬಿಡುತ್ತದೆ. ಕಹಿ, ನಾತ ಬೇರೆ. ಹಕ್ಕಿಗೂ ಬೇಡ.

ಆದರೆ ಅದರ ಮರಿ ಗುರುತಿಸದೆ ನಾನೇ ಮೋಸ ಹೋಗಿದ್ದೆ. ಮೂರು ವರ್ಷದ ಹಿಂದೆ ಅಲಸಂದಿಯಲ್ಲಿ ಕರಿ ಹುಳ ಕಂಡವು. ಮೊಸಳೆ ಮರಿಯಂತೆ ಉದ್ದ, ಬೆನ್ನ ಮೇಲೆ ಕಿತ್ತಳೆ ಮಚ್ಚೆ. ಇವೇ ಬೆಳೆ ತಿನ್ನುತ್ತಿವೆ ಅಂದುಕೊಂಡು ಹುಳದ ಔಷಧಿ ಹೊಡೆದೆ. ಹೇನು ತಿನ್ನುವ ಆ ಮರಿಗಳೇ ಸತ್ತ ಮೇಲೆ ಕೇಳಬೇಕಾ, ಸ್ವಲ್ಪ ದಿನದಲ್ಲೇ ಹೇನು ಕಾಯಿ ತುಂಬಾ ಹತ್ತಿತು. ಆಯಿ ಇವತ್ತಿಗೂ ಅದನ್ನೇ ಎತ್ತಿ ಆಡುತ್ತಾಳೆ.

ಹಾಗಂತ ಚುಕ್ಕೆ ಇರುವುದೆಲ್ಲ ನಮ್ಮದಲ್ಲ. ಬದನೆ ಗಿಡದ ಮೇಲೆ ಮಂಕು ಕಿತ್ತಳೆ ಬಣ್ಣದ, 28 ಚುಕ್ಕೆಯದು ಬರುತ್ತದೆ. ನೋಡಲು ಗುಲಗಂಜಿ ಹುಳದ ತಂಗಿ, ತಿನ್ನುವುದು ಎಲೆ. ಎಲೆ ಜರಡಿಯಾಗಿಬಿಡುತ್ತದೆ. ಅದರ ಮರಿ ಹಳದಿ, ಮೈ ತುಂಬಾ ಮುಳ್ಳು.

ಕಾರ ಹುಣ್ಣಿಮೆಗೆ ಬರುತ್ತೀಯಲ್ಲ. ಮಳೆ ಬಿದ್ದರೆ ದೋಟಿ ನೀನು ಹಿಡಿ, ಬ್ಯಾಟರಿ ನಾನು ಹಿಡಿಯುತ್ತೇನೆ. ತಲೆಗೆ ಬಟ್ಟೆ ಕಟ್ಟಿಕೋ, ಕೂದಲಲ್ಲಿ ಸಿಕ್ಕಿಕೊಳ್ಳುತ್ತವೆ.

ನಿನ್ನ ಅಪ್ಪ