ಮೂಸೆವಾಲಾ ಹೋದ ಮೇಲೆ ಹಾಡಿಗೇನು ಸಿಕ್ಕಿತು? ಪಂಜಾಬಿನ ಮುಖ್ಯಮಂತ್ರಿಗಳಿಗೊಂದು ಬಹಿರಂಗ ಪತ್ರ

ಶ್ರೀ ಭಗವಂತ್ ಮಾನ್ ಅವರಿಗೆ,
ಮುಖ್ಯಮಂತ್ರಿಗಳು, ಪಂಜಾಬ್

ಮಾನ್ಯರೇ,

ನಾನು ನಿಮ್ಮ ಮತದಾರನಲ್ಲ. ಪಂಜಾಬಿ ಮಾತಾಡಲು ಬರುವುದಿಲ್ಲ. ಅದರ ಲಿಪಿ ಗುರುಮುಖಿಯನ್ನು ತಡವರಿಸಿಕೊಂಡು ಓದುತ್ತೇನೆ, ಅದನ್ನೂ ಕಲಿತದ್ದು ಹಾಡುಗಳ ಆಸೆಗೆ. ಕನ್ನಡದಲ್ಲಿ ಬರೆದ ಈ ಕಾಗದ ನಿಮ್ಮ ಮೇಜಿನವರೆಗೆ ಬರುತ್ತದೆ ಎಂಬ ಭ್ರಮೆಯೂ ನನಗಿಲ್ಲ. ಆದರೂ ನಿಮಗೇ ಬರೆಯುತ್ತಿದ್ದೇನೆ, ಯಾಕೆಂದರೆ ಕುರ್ಚಿಗೆ ಬರುವ ಮುಂಚೆ ನೀವು ಕ್ಯಾಸೆಟ್ಟಿನ ಮನುಷ್ಯ. ನಿಮ್ಮ ಹಾಸ್ಯದ ಕ್ಯಾಸೆಟ್ಟುಗಳಿಂದಲೇ ಪಂಜಾಬಿಗೆ ನಿಮ್ಮ ದನಿಯ ಪರಿಚಯವಾದದ್ದು. ಜನರ ಬಾಯಲ್ಲಿರುವ ಕಲೆಗೆ ಸರ್ಕಾರಿ ಕಡತದಲ್ಲಿ ಎಷ್ಟು ಜಾಗ ಇರುತ್ತದೆ ಅಂತ ನಿಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ವಿಷಯ ಪಂಜಾಬಿ ರ‍್ಯಾಪ್ ಹಾಡುಗಾರ ಸಿಧು ಮೂಸೆವಾಲಾನದು. ಅವನು ಎಂದೇ ಬರೆಯುತ್ತೇನೆ, ಅಭಿಮಾನದ ಸಲುಗೆ ಅಂದುಕೊಳ್ಳಿ.

2022ರ ಮೇ 29ರ ಸಂಜೆ ಮಾನ್ಸಾ ಜಿಲ್ಲೆಯ ಜವಾಹರ್ಕೆ ಹಳ್ಳಿಯಲ್ಲಿ, ಅವನು ತಾನೇ ಓಡಿಸುತ್ತಿದ್ದ ಥಾರ್ ಗಾಡಿಯಲ್ಲೇ ಅವನನ್ನು ಗುಂಡಿಟ್ಟು ಕೊಂದರು. ಇಪ್ಪತ್ತೆಂಟು ವರ್ಷ. ಹಿಂದಿನ ದಿನವಷ್ಟೇ ನಿಮ್ಮ ಸರ್ಕಾರ 424 ಮಂದಿಯ ಭದ್ರತೆಗೆ ಕತ್ತರಿ ಹಾಕಿತ್ತು, ಆ ಪಟ್ಟಿಯಲ್ಲಿ ಅವನೂ ಇದ್ದ. ಉಳಿದಿದ್ದ ಇಬ್ಬರು ಕಾವಲಿನವರನ್ನೂ ಗುಂಡು ತಡೆಯುವ ಕಾರನ್ನೂ ಅವನು ಅವತ್ತು ಬಿಟ್ಟು ಹೊರಟಿದ್ದ. ತಪ್ಪು ಯಾರದು ಎಂಬ ಜಗಳ ನನ್ನದಲ್ಲ. ಮಾನ್ಸಾ ಕೋರ್ಟಿನಲ್ಲಿ ಆರೋಪ ನಿಗದಿಯಾಗಲಿಕ್ಕೇ 2024ರ ಮೇವರೆಗೆ ಕಾಯಬೇಕಾಯಿತು, ಅದು ಅದರ ಪಾಡಿಗೆ ನಡೆಯಲಿ.

ನನ್ನನ್ನು ಕಾಡುವುದು ಅಂತ್ಯಕ್ರಿಯೆಯ ದಿನದ ಆ ದೃಶ್ಯ. ಹೊಲದ ತುಂಬ ಜನ. ತಂದೆ ಬಲ್ಕೌರ್ ಸಿಂಗ್ ತಲೆಯ ಪೇಟವನ್ನು ಬಿಚ್ಚಿ ಕೈಯಲ್ಲಿ ಹಿಡಿದು ಜನರತ್ತ ಚಾಚಿದರು. ಆಮೇಲೆ ತೊಡೆ ತಟ್ಟಿ ಕೈ ಮೇಲೆತ್ತಿದರು, ಮಗ ವೇದಿಕೆಯ ಮೇಲೆ ಮಾಡುತ್ತಿದ್ದ ಹಾಗೇ. ನಮ್ಮ ಕಡೆ ಗರಡಿಯವರೂ ತೊಡೆ ತಟ್ಟುತ್ತಾರೆ, ಎದುರಾಳಿಯನ್ನು ಕರೆಯಲಿಕ್ಕೆ. ಮಗನ ಚಿತೆಯ ಮುಂದೆ ತೊಡೆ ತಟ್ಟಿದ ಅಪ್ಪನನ್ನು ಕಂಡದ್ದು ಅದೇ ಮೊದಲು.

ಅಲ್ಲಿಂದಾಚೆಗೆ ಆದದ್ದು ಲೋಕಕ್ಕೇ ಗೊತ್ತು. ಕೆನಡಾದ ರ‍್ಯಾಪರ್ ಡ್ರೇಕ್ ತನ್ನ ರೇಡಿಯೊ ಕಾರ್ಯಕ್ರಮದಲ್ಲಿ ಅವನ ಹಾಡು ಹಾಕಿದ. '295' ಹಾಡು ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡಿನ ಜಾಗತಿಕ 200ರ ಪಟ್ಟಿಗೆ ಏರಿತು. ನೈಜೀರಿಯಾದ ಗಾಯಕ ಬರ್ನಾ ಬಾಯ್ ಜೊತೆಗಿನ ಹಾಡು 2023ರ ಏಪ್ರಿಲ್‌ನಲ್ಲಿ ಬಂತು. ಅವನನ್ನು ಸುಟ್ಟ ಹೊಲದಲ್ಲಿ ಪ್ರತಿಮೆ ನಿಂತಿತು. ಸಾವಿನಿಂದಲೇ ಪಂಜಾಬಿ ರ‍್ಯಾಪಿಗೆ ಲೋಕಮಾನ್ಯತೆ ಬಂತು ಎಂದು ಬರೆದವರೂ ಉಂಟು. ಸತ್ತ ಎಮ್ಮೆಗೆ ಹಾಲು ಹೆಚ್ಚು ಅಂತಾರಲ್ಲ, ಆ ಲೆಕ್ಕವೇ ಇದು. ನನಗಂತೂ ಒಪ್ಪಿಗೆಯಿಲ್ಲ.

ಪಂಜಾಬಿ ರ‍್ಯಾಪಿನ ಗಾಡಿ ಹೊರಟು ಆಗಲೇ ಬಹಳ ದಿನವಾಗಿತ್ತು. ಕರಾಚಿಯಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಬೊಹೇಮಿಯಾ ಪಂಜಾಬಿಯಲ್ಲಿ ರ‍್ಯಾಪ್ ಆಲ್ಬಂ ತಂದದ್ದು ಎರಡು ಸಾವಿರದ ದಶಕದ ಆರಂಭದಲ್ಲಿ. ಎ.ಪಿ. ಧಿಲ್ಲೋನ್ ತಂಡದ 'ಬ್ರೌನ್ ಮುಂಡೆ' ಹಾಡು 2020ರದು. ಮೂಸೆವಾಲಾನೇ ಲೂಧಿಯಾನಾದಲ್ಲಿ ಎಂಜಿನಿಯರಿಂಗ್ ಓದಿ ಕೆನಡಾದ ಬ್ರಾಂಪ್ಟನ್‌ಗೆ ಹೋಗಿ, 2017ರಲ್ಲಿ 'ಸೋ ಹೈ' ಹಾಡು ಬಂದಾಗಲೇ ಮನೆಮಾತಾಗಿದ್ದ. 2023ರಲ್ಲಿ ಗಾಯಕ ದಿಲ್ಜಿತ್ ದೋಸಾಂಜ್ ಅಮೆರಿಕದ ಕೋಚೆಲ್ಲಾ ಸಂಗೀತೋತ್ಸವದ ವೇದಿಕೆ ಹತ್ತಿದಾಗ ಅದರ ಹಿಂದೆ ಇದ್ದದ್ದು ಇಪ್ಪತ್ತು ವರ್ಷದ ಬೆವರು. ಸಾವು ಬ್ಯಾಟರಿ ಬೆಳಕು ಬಿಟ್ಟ ಹಾಗೆ. ಬೆಳಕು ಬಿದ್ದದ್ದು ಒಂದು ಮುಖದ ಮೇಲೆ, ಪಕ್ಕದಲ್ಲಿ ನಿಂತವರು ಇನ್ನಷ್ಟು ಕತ್ತಲಿಗೆ ಹೋದರು.

ಇದನ್ನು ನಾನು ನಮ್ಮ ನೆಲದ ಅನುಭವದಿಂದ ಹೇಳುತ್ತಿದ್ದೇನೆ. ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನನ್ನು ಇವತ್ತಿಗೂ ಜೀವಂತ ಇಟ್ಟವರು ಡಪ್ಪು ಹಿಡಿದು ಊರೂರು ಅಲೆದ ಲಾವಣಿಕಾರರು, ಗೀಗೀ ಮೇಳದವರು. ರಾಯಣ್ಣನ ಹೆಸರು ಕೂಸಿಗೂ ಗೊತ್ತು. ಲಾವಣಿ ಕಟ್ಟಿದವರಲ್ಲಿ ಎಷ್ಟು ಜನರ ಹೆಸರು ಹೇಳಬಲ್ಲೆವು? ವೀರರ ಕತೆ ಹಾಡುವ ನಿಮ್ಮ 'ವಾರ್' ನಮ್ಮ ಲಾವಣಿಯ ಅಣ್ಣತಮ್ಮನೇ. ಮೂಸೆವಾಲಾ ಸತ್ತ ಐದಾರು ತಿಂಗಳಿಗೆ ಹೊರಬಂದ ಅವನ ಹಾಡೊಂದು ಸಿಖ್ ಸೇನಾಪತಿ ಹರಿ ಸಿಂಗ್ ನಲ್ವಾನ ಮೇಲಿನ ವಾರ್. ಹಾಡಿದವನು ಈಗ ತಾನೇ ವಾರ್‌ನ ವಸ್ತುವಾಗಿದ್ದಾನೆ, ಸರಿ. ಹಾಡು ಕಟ್ಟುವವರ ಗತಿ?

ಪಂಜಾಬಿ ಗಾಯಕ ಚಮ್ಕೀಲಾನ ಕತೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1988ರ ಮಾರ್ಚ್ 8ರಂದು ಮೆಹಸಂಪುರದಲ್ಲಿ, ಕಾರ್ಯಕ್ರಮಕ್ಕೆಂದು ಕಾರಿನಿಂದ ಇಳಿಯುವಾಗಲೇ ಅವನನ್ನೂ ಜೊತೆಗೆ ಹಾಡುತ್ತಿದ್ದ ಹೆಂಡತಿ ಅಮರ್‌ಜೋತಳನ್ನೂ ಕೊಂದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಪಂಜಾಬಿನ ಹೊರಗೆ ಅವನ ಹೆಸರು ಎಲ್ಲರ ಕಿವಿಗೆ ಬಿದ್ದದ್ದು 2024ರಲ್ಲಿ, ಮುಂಬೈಯವರು ಸಿನಿಮಾ ಮಾಡಿದ ಮೇಲೆ. ಮೂವತ್ತಾರು ವರ್ಷ! ಆ ಕಾಲದ ಜೋಡಿ ಗಾಯಕರು, 'ತುಂಬಿ' ಎಂಬ ಒಂಟಿ ತಂತಿಯ ವಾದ್ಯ ನುಡಿಸುತ್ತಿದ್ದವರು, ಅಖಾಡದ, ಅಂದರೆ ಬಯಲು ಹಾಡುಗಾರಿಕೆಯ, ಮೈಕಿನವರು ಆ ಸಿನಿಮಾದಿಂದ ಮೇಲೆ ಬಂದರೇ? ಚಮ್ಕೀಲಾ ಒಬ್ಬ ಬಂದ.

ಈಗ ಮುಜುಗರದ ಮಾತು. ಮೂಸೆವಾಲಾನ ಹಾಡುಗಳಲ್ಲಿ ಬಂದೂಕು ಇತ್ತು, ಧಾರಾಳವಾಗಿ ಇತ್ತು. ಅಭಿಮಾನಿ ಅಂತ ಅದನ್ನು ಮುಚ್ಚಿಡುವುದಿಲ್ಲ. 2020ರಲ್ಲಿ ಶೂಟಿಂಗ್ ರೇಂಜಿನ ವಿಡಿಯೊಕ್ಕೊಂದು, ಹಾಡಿಗೊಂದು ಕೇಸು ಬಿದ್ದವು, ಆಗ ಸರ್ಕಾರ ನಿಮ್ಮದಾಗಿರಲಿಲ್ಲ. ನಮ್ಮ ವಿಜಯಪುರ ಜಿಲ್ಲೆಯಿಂದ ಹೋಗಿ ಚಂಡೀಗಢದಲ್ಲಿ ಮೇಷ್ಟರಾದ ಪಂಡಿತರಾವ್ ಧರೆಣ್ಣವರ ಅವರ ಹೆಸರು ನೀವು ಕೇಳಿಯೇ ಇರುತ್ತೀರಿ. ಪಂಜಾಬಿ ಕಲಿತು ಸಿಖ್ಖರ ಪ್ರಾರ್ಥನೆ ಜಪ್‌ಜಿ ಸಾಹಿಬ್ ಅನ್ನು ಕನ್ನಡಕ್ಕೆ ತಂದವರು. ಹೆಂಡ, ಮಾದಕವಸ್ತು, ಬಂದೂಕು ಮೆರೆಸುವ ಹಾಡುಗಳ ವಿರುದ್ಧ ಹೈಕೋರ್ಟಿಗೆ ಹೋದವರೂ ಅವರೇ, 2019ರ ಜುಲೈನಲ್ಲಿ ಆದೇಶವೂ ಬಂತು. 2022ರ ನವೆಂಬರಿನಲ್ಲಿ ನಿಮ್ಮ ಸರ್ಕಾರವೂ ಆಯುಧ ವೈಭವೀಕರಿಸುವ ಹಾಡುಗಳಿಗೆ ನಿಷೇಧ ಹಾಕಿತು. ಧರೆಣ್ಣವರ ಅವರ ಕಳಕಳಿಗೆ ನನ್ನ ನಮಸ್ಕಾರ, ಮಕ್ಕಳಿರುವ ಮನೆಯವರಿಗೆ ಅವರ ಆತಂಕ ಅರ್ಥವಾಗುತ್ತದೆ. ಆದರೆ ಸರ್ಕಾರಕ್ಕೆ ಈ ಹುಡುಗರ ಪರಿಚಯ ಠಾಣೆಯ ಮೂಲಕವೇ ಆಗುವುದಾದರೆ ಹೇಗೆ? ಇದ್ದಾಗ ಎಫ್‌ಐಆರ್, ಸತ್ತಾಗ ಹಾರ. ನಡುವೆ ಬೇರೆ ಏನೂ ಇಲ್ಲವೇ?

ಆ ನಡುವೆ ಏನಿರಬೇಕು ಎಂದು ನನಗೆ ಹೊಳೆದದ್ದು ಒಂದು ಲಾರಿಯ ಹಿಂದೆ. ಪಂಜಾಬ್ ನೋಂದಣಿಯ ಲಾರಿ, ಹಿಂಬದಿಯಲ್ಲಿ ಮೂಸೆವಾಲಾನ ಚಿತ್ರ, ಚಿತ್ರದ ಪಕ್ಕದಲ್ಲಿ '22' ಎಂದು ಬರೆದಿತ್ತು. ಸತ್ತ ವರ್ಷ ಅಂದುಕೊಂಡೆ. ಎಷ್ಟೋ ದಿನ ಹಾಗೇ ಅಂದುಕೊಂಡಿದ್ದೆ. ಅಮೃತಸರದ ಸಹೋದ್ಯೋಗಿಯೊಬ್ಬರಿಗೆ ಹೇಳಿದಾಗ ಅವರು ನಕ್ಕುಬಿಟ್ಟರು. ಪಂಜಾಬಿಯಲ್ಲಿ ಇಪ್ಪತ್ತೆರಡಕ್ಕೆ 'ಬಾಈ'. ಪಂಜಾಬಿನ ಮಾಲ್ವಾ ಸೀಮೆಯ ಕಡೆ ಅಣ್ಣನನ್ನು ಕರೆಯುವುದೂ 'ಬಾಈ'. ಹಾಗಾಗಿ ಹುಡುಗರು ಅಣ್ಣನನ್ನು ಅಂಕಿಯಲ್ಲಿ ಬರೆಯುತ್ತಾರೆ. "ನಮ್ಮ ಮಾಝಾ ಕಡೆ ಹಾಗೆ ಕರೆಯಲ್ಲ, ಅದು ಅವರ ಮಾತು" ಎಂದು ಸೇರಿಸಿದರು. ಆಮೇಲೆ ಅವರನ್ನು ಕೂರಿಸಿಕೊಂಡು ನಾಲ್ಕು ಹಾಡು ಬರೆದಿಟ್ಟುಕೊಳ್ಳಲು ಹೋದೆ. ಎರಡು ಕಡೆ ಅವರೂ ತಲೆ ಕೆರೆದುಕೊಂಡರು. ಊರಿನ ಹೊಲದ ಮಾತು ಅದು, ನಗರದ ಪಂಜಾಬಿಗೇ ದಕ್ಕುವುದಿಲ್ಲ. ನೋಟ್‌ಬುಕ್ಕಿನಲ್ಲಿ ಆ ಜಾಗಗಳು ಇನ್ನೂ ಖಾಲಿ ಇವೆ.

'295' ಅಂದರೆ ಧರ್ಮಕ್ಕೆ ಅವಮಾನ ಎಂದು ಹಾಕುವ ಕಲಂ. 2024ರ ಜುಲೈ 1ಕ್ಕೆ ಭಾರತೀಯ ದಂಡ ಸಂಹಿತೆಯೇ ಹೋಯಿತು. ನ್ಯಾಯ ಸಂಹಿತೆಯಲ್ಲಿ ಅದು 298, 299 ಆಗಿದೆ. ಇನ್ನು ಹದಿನೈದು ವರ್ಷ ಕಳೆದರೆ ಆ ಹಾಡಿಗೆ ಆ ಹೆಸರು ಯಾಕೆ ಎಂದು ಹೇಳಲು ವಕೀಲರು ಬೇಕಾಗುತ್ತದೆ. '5911' ಎಂಬುದು ಎಚ್‌ಎಂಟಿ ಟ್ರ್ಯಾಕ್ಟರಿನ ಮಾದರಿ, ಆ ಕಂಪನಿಯ ಟ್ರ್ಯಾಕ್ಟರು ಈಗ ತಯಾರಾಗುವುದಿಲ್ಲ. ಅಂಕಿಗಳಲ್ಲೇ ಒಂದು ಸೀಮೆಯ ಬದುಕನ್ನು ತುಂಬಿಟ್ಟವನು ಅವನು. ಆ ಅಂಕಿಗಳನ್ನು ಬಿಡಿಸಿ ಬರೆದಿಡುವ ಕೆಲಸ ಈಗ ಆಗದಿದ್ದರೆ ಹಾಡು ಉಳಿಯುತ್ತದೆ, ಅರ್ಥ ಉದುರುತ್ತದೆ.

ಇಂಥ ಕೆಲಸ ಎಲ್ಲೂ ಆಗಿಲ್ಲ ಅಂತೇನಿಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಡಿಜೆ ಸ್ಕ್ರೂ ಎಂಬೊಬ್ಬನಿದ್ದ. ರ‍್ಯಾಪರ್ ಅನ್ನುವುದಕ್ಕಿಂತ ಊರಿನ ರ‍್ಯಾಪರ್‌ಗಳಿಗೆಲ್ಲ ಚಾವಡಿ ಆದವನು. ಹಾಡುಗಳನ್ನು ನಿಧಾನಕ್ಕೆ ಎಳೆದು, ಕತ್ತರಿಸಿ, ಕ್ಯಾಸೆಟ್ಟಿಗೆ ತುಂಬಿ ಮನೆಯಿಂದಲೇ ಮಾರುತ್ತಿದ್ದ. 2000ದ ನವೆಂಬರಿನಲ್ಲಿ ಇಪ್ಪತ್ತೊಂಬತ್ತಕ್ಕೆ ತೀರಿಕೊಂಡ. ಹ್ಯೂಸ್ಟನ್ ರ‍್ಯಾಪು ದೇಶದ ಪಟ್ಟಿಗಳನ್ನು ಆಳಿದ್ದು ಅವನು ಸತ್ತ ಮರುದಿನವಲ್ಲ, ನಾಲ್ಕೈದು ವರ್ಷ ಬಿಟ್ಟು, ಬದುಕಿದ್ದ ಹುಡುಗರ ದುಡಿಮೆಯಿಂದ. ಆ ಅಲೆಯೂ ಇಳಿಯಿತು. ಇಳಿದ ಮೇಲೂ ಉಳಿದದ್ದು ಯಾವುದು ಗೊತ್ತೇ? ಹ್ಯೂಸ್ಟನ್ ವಿಶ್ವವಿದ್ಯಾಲಯದ ಗ್ರಂಥಾಲಯ ಸ್ಕ್ರೂನ ಸಾವಿರಕ್ಕೂ ಹೆಚ್ಚು ಗ್ರಾಮಫೋನ್ ತಟ್ಟೆಗಳನ್ನು ತಂದು, ಊರಿನ ಬೇರೆ ರ‍್ಯಾಪರ್‌ಗಳ ಕಾಗದಪತ್ರಗಳ ಜೊತೆ ಜೋಡಿಸಿ ಇಟ್ಟಿದೆ. ಯಾರು ಬೇಕಾದರೂ ಹೋಗಿ ನೋಡಬಹುದು. ಅಲ್ಲಿ ಸ್ಕ್ರೂ ಒಬ್ಬನೇ ಇಲ್ಲ, ಒಂದು ಊರು ಇದೆ.

ಹಾಗಾಗಿ ನನ್ನ ಬೇಡಿಕೆ. ರಸ್ತೆಗೆ ಅವನ ಹೆಸರಿಡಿ, ಬೇಡವೆನ್ನಲು ನಾನು ಯಾರು. ಆದರೆ ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯ ಭಾಷೆಯ ಹೆಸರಿನಲ್ಲೇ 1962ರಲ್ಲಿ ಹುಟ್ಟಿದ ಸಂಸ್ಥೆ. ಅಲ್ಲೊಂದು ಕೋಣೆ ಕೊಡಿ, ಎರಡು ಮೂರು ಜನರಿಗೆ ಖಾಯಂ ಸಂಬಳ ಕೊಡಿ. 'ಸೋ ಹೈ'ಗೆ ಬೀಟ್ ಕಟ್ಟಿದ ಬಿಗ್ ಬರ್ಡ್, '295'ಕ್ಕೆ ಸಂಗೀತ ಮಾಡಿದ ದಿ ಕಿಡ್, ಬ್ರಾಂಪ್ಟನ್ನಿನ ಸನ್ನಿ ಮಾಲ್ಟನ್ ಇವರೆಲ್ಲ ಬದುಕಿದ್ದಾರೆ, ನೆನಪು ಇನ್ನೂ ಹಸಿಯಾಗಿದೆ. ಅವರನ್ನು ಕೂರಿಸಿ ಮಾತಾಡಿಸಿ ಧ್ವನಿಮುದ್ರಿಸಿ. ಹಾಡಿನ ಸಾಲುಗಳನ್ನು ಹಕ್ಕುದಾರರ ಒಪ್ಪಿಗೆ ಪಡೆದು ಅಚ್ಚು ಹಾಕಿಸಿ, ಮಾಲ್ವಾದ ಮಾತುಗಳಿಗೆ ಅರ್ಥ ಕೊಡಿಸಿ. ಬಂದೂಕಿನ ಹಾಡುಗಳನ್ನೂ ಬಿಡಬೇಡಿ, ಅವುಗಳ ಪಕ್ಕದಲ್ಲಿ ಧರೆಣ್ಣವರ ಅವರ ಅರ್ಜಿ, ಕೋರ್ಟಿನ ಆದೇಶ, ನಿಮ್ಮ ನಿಷೇಧದ ಪ್ರತಿ ಎಲ್ಲ ಇರಲಿ. ಜಗಳವೂ ಇತಿಹಾಸವೇ. ಮಾನ್ಸಾ, ಬಠಿಂಡಾ ಕಡೆ ಹೊಸದಾಗಿ ಬರೆಯುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಸ್ಟುಡಿಯೊ, ಹೆದರಿಕೆಯಿಲ್ಲದೆ ಹಾಡಬಹುದಾದ ಒಂದು ವೇದಿಕೆ. ಈ ಹೆದರಿಕೆ ಮಾತಿಗೆ ಹೇಳಿದ್ದಲ್ಲ. 2024ರಲ್ಲಿ ಎ.ಪಿ. ಧಿಲ್ಲೋನ್‌ನ ಕೆನಡಾದ ಮನೆಯ ಮುಂದೆಯೂ ಗುಂಡು ಹಾರಿತು. ದೇಶ ಬಿಟ್ಟು ಹೋದವರಿಗೇ ಹೀಗಾದರೆ ಊರಲ್ಲಿ ಇದ್ದು ಹಾಡುವವರು ಯಾರನ್ನು ನಂಬಬೇಕು?

ಇನ್ನೊಂದಿದೆ, ತುಸು ಕಷ್ಟದ್ದು. ಅವನು ಸತ್ತ ಮೇಲೆ ಬಂದ ಮೊದಲ ಹಾಡು ಪಂಜಾಬ್-ಹರಿಯಾಣಗಳ ಜಗಳದ ಸತ್ಲಜ್-ಯಮುನಾ ಕಾಲುವೆಯ ಬಗ್ಗೆ. 2022ರ ಜೂನ್ 23ಕ್ಕೆ ಬಂತು, ಮೂರ‍್ನಾಲ್ಕು ದಿನದೊಳಗೆ ಸರ್ಕಾರದ ಕಾನೂನು ದೂರಿನ ಮೇರೆಗೆ ಭಾರತದ ಯೂಟ್ಯೂಬಿನಿಂದ ಮಾಯವಾಯಿತು. ನೀರಿನ ಜಗಳ ಅಂದರೆ ಏನೆಂದು ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ. ಮಹದಾಯಿಗಾಗಿ ನರಗುಂದದಲ್ಲಿ ರೈತರು ವರ್ಷಗಟ್ಟಲೆ ಕೂತಿದ್ದನ್ನು ಕಂಡಿದ್ದೇವೆ. ಆ ಹಾಡಿನಲ್ಲಿ ನನಗೆ ಒಪ್ಪಿಗೆಯಿಲ್ಲದ ಮಾತುಗಳೂ ಇವೆ. ಆದರೆ ಹಾಡುಗಾರನಿಗೆ ಪ್ರತಿಮೆ, ಹಾಡಿಗೆ ಬೀಗ ಎಂದರೆ ಅದನ್ನು ಮನ್ನಣೆ ಎಂದು ಹೇಗೆ ಕರೆಯಲಿ? ಆ ಕಾಲುವೆಯ ನೀರನ್ನು ಬಿಡಲು ಒಪ್ಪದ ಸರ್ಕಾರ ನಿಮ್ಮದು. ಆ ಹಾಡಿನ ಬಗ್ಗೆ ನಿಮ್ಮ ನಿಲುವೇನು, ಅದನ್ನೂ ಹೇಳಿ.

2022ರ ಜೂನ್ 3ರಂದು ನೀವು ಅವನ ಊರಾದ ಮೂಸಾ ಹಳ್ಳಿಗೆ ಹೋಗಿ ಆ ತಂದೆತಾಯಿಯ ಮುಂದೆ ಕೂತು ಬಂದಿರಿ. ನಿಮ್ಮ ಊರು ಸತೋಜ್ ಇರುವ ಸಂಗ್ರೂರು ಸೀಮೆಯೂ ಮಾಲ್ವಾದ್ದೇ. ಲಾರಿಯ ಹಿಂದಿನ '22' ಏನೆಂದು ನಿಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ನೋಟ್‌ಬುಕ್ಕಿನ ಆ ಎರಡು ಖಾಲಿ ಜಾಗಗಳನ್ನೂ ನೀವು ಕೂತಲ್ಲೇ ತುಂಬಿಬಿಡುತ್ತೀರಿ.

ಇಂತಿ,
ಕನ್ನಡ ನಾಡಿನ ಒಬ್ಬ ಕೇಳುಗ